ಕಿವಿಮಾತಿನಿಂದ ಸಂಹಿತೆಯವರೆಗೆ: ಡಾ. ಅನುಪಮಾ ನಿರಂಜನ ಅವರ ಬದುಕು ಮತ್ತು ವೈದ್ಯಕೀಯ ಬರೆಹ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಡಾ. ಅನುಪಮಾ ನಿರಂಜನ (1934–1991) ಅವರ ಹೆಸರು ಸಾಮಾನ್ಯವಾಗಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ. ತ್ರಿವೇಣಿ, ಎಂ.ಕೆ. ಇಂದಿರಾ ಮೊದಲಾದವರ ಜೊತೆಗೆ ಮಹಿಳಾ ಕಾದಂಬರಿಕಾರ್ತಿಯರ ಸಾಲಿನಲ್ಲಿ ಒಮ್ಮೆ, ‘ದಿನಕ್ಕೊಂದು ಕಥೆ’ಯ ಕಾರಣದಿಂದ ಮಕ್ಕಳ ಸಾಹಿತ್ಯದ ಅಧ್ಯಾಯದಲ್ಲಿ ಇನ್ನೊಮ್ಮೆ. ಅವರ ಆರೋಗ್ಯ ಸಂಬಂಧಿ ಪುಸ್ತಕಗಳು ಕೃತಿಸೂಚಿಯ ಕೊನೆಯ ‘ಇತರೆ’ ಎಂಬ ಭಾಗಕ್ಕೆ ಸೇರಿಹೋಗುತ್ತವೆ. ಆದರೆ ಮೈನೆರೆದ ಮಗಳಿಗೆ ಏನು ಹೇಳಬೇಕೆಂದು ತಿಳಿಯದ ತಾಯಂದಿರು, ಮದುವೆಯ ಹೊಸ್ತಿಲಲ್ಲಿ ನಿಂತ ಹೆಣ್ಣುಮಕ್ಕಳು, ಮೊದಲ ಬಸಿರಿನ ದಿಗಿಲಿನಲ್ಲಿದ್ದ ದಂಪತಿಗಳು ಓದಿದ್ದು ಬಹುಮಟ್ಟಿಗೆ ಈ ‘ಇತರೆ’ ಪುಸ್ತಕಗಳನ್ನೇ. ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಎಂಬ ಕೃತಿಗಳನ್ನು ಬದಿಗಿಟ್ಟು ಅವರ ಬದುಕನ್ನು ನಿರೂಪಿಸಿದರೆ ಆ ಚಿತ್ರದ ಅರ್ಧಭಾಗ ಖಾಲಿಯಾಗಿಯೇ ಉಳಿಯುತ್ತದೆ.

ಅನುಪಮಾ ಅವರು 1934ರ ಮೇ 17ರಂದು ತೀರ್ಥಹಳ್ಳಿಯಲ್ಲಿ ಜನಿಸಿದರು. ಹುಟ್ಟಿನ ಹೆಸರು ವೆಂಕಟಲಕ್ಷ್ಮಿ. ತೀರ್ಥಹಳ್ಳಿಯ ಸೀಮೆ ಕುವೆಂಪು ಅವರಿಂದ ಯು.ಆರ್. ಅನಂತಮೂರ್ತಿಯವರವರೆಗೆ ಹಲವು ಲೇಖಕರನ್ನು ಕನ್ನಡಕ್ಕೆ ಕೊಟ್ಟಿದೆ. ‘ಫಣಿಯಮ್ಮ’ (1976) ಕಾದಂಬರಿಯಲ್ಲಿ ಬಾಲವಿಧವೆಯೊಬ್ಬಳ ದೀರ್ಘ ಬದುಕನ್ನು ಚಿತ್ರಿಸಿದ ಎಂ.ಕೆ. ಇಂದಿರಾ ಅವರೂ ಇದೇ ಊರಿನಲ್ಲಿ ಹುಟ್ಟಿದವರು. ಅನುಪಮಾ ಹುಟ್ಟುವ ಐದು ವರ್ಷ ಮೊದಲು, 1929ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಅಂಗೀಕಾರವಾದ ಶಾರದಾ ಕಾಯಿದೆಯು ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸನ್ನು 14ಕ್ಕೆ ನಿಗದಿಪಡಿಸಿತ್ತು. ಅಷ್ಟನ್ನು ಸಾಧಿಸಲೂ ದೀರ್ಘ ಹೋರಾಟ ಬೇಕಾಗಿತ್ತು. ಮೈನೆರೆಯುವುದಕ್ಕೂ ಮದುವೆಗೂ ನಡುವೆ ಅಂತರವೇ ಇಲ್ಲದಿದ್ದ ಆ ಸಮಾಜದಲ್ಲಿ ‘ಕಿಶೋರಿ’ ಎಂಬ ವಯೋಘಟ್ಟಕ್ಕೆ ಪ್ರತ್ಯೇಕ ಅಸ್ತಿತ್ವವಿರಲಿಲ್ಲ. ಬಾಲೆಯಾಗಿದ್ದವಳು ನೇರವಾಗಿ ವಧುವಾಗುತ್ತಿದ್ದಳು. ಮುಂದೆ ಅನುಪಮಾ ಅವರು ಕಿಶೋರಿಯನ್ನೇ ಉದ್ದೇಶಿಸಿ ಒಂದು ಪುಸ್ತಕ ಬರೆದರೆಂಬುದರ ಹಿಂದೆ ಈ ಅಂತರ ನಿಧಾನವಾಗಿ ಹಿಗ್ಗಿದ ಚರಿತ್ರೆಯಿದೆ. ಹೆಣ್ಣುಮಕ್ಕಳು ಪ್ರೌಢಶಾಲೆ ಮತ್ತು ಕಾಲೇಜುಗಳಿಗೆ ಬಂದಂತೆ ಅಂತಹ ಓದುಗಳೊಬ್ಬಳು ರೂಪುಗೊಂಡಳು.

ವೈದ್ಯಕೀಯ ಪದವಿಗಾಗಿ ಅವರು ಮೈಸೂರಿಗೆ ಬಂದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿದ್ದ ಮೈಸೂರು ವೈದ್ಯಕೀಯ ಕಾಲೇಜು ಆ ಕಾಲದ ಕನ್ನಡನಾಡಿನ ಪ್ರಮುಖ ವೈದ್ಯವಿದ್ಯಾಕೇಂದ್ರವಾಗಿತ್ತು. ಮೈಸೂರಿಗೆ ಈ ವಿಷಯದಲ್ಲಿ ಇನ್ನೊಂದು ಮಹತ್ವವೂ ಉಂಟು. 1930ರ ಜೂನ್ ತಿಂಗಳಿನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ಮುಂದೆ ನಿಂತು ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವು ಎಂದು ಗುರುತಿಸಲಾಗುತ್ತದೆ. ಅದೇ ಕಾಲದಲ್ಲಿ ಮುಂಬಯಿಯಲ್ಲಿ ರ.ಧೋಂ. ಕರ್ವೆಯವರು ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕದ ಮೂಲಕ ಲೈಂಗಿಕ ಆರೋಗ್ಯದ ತಿಳಿವಳಿಕೆ ನೀಡಹೊರಟು ಅಶ್ಲೀಲತೆಯ ಆರೋಪದಡಿ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಮೈಸೂರಿನಲ್ಲಿ ಆಡಳಿತ ಆಸ್ಪತ್ರೆಯ ಬಾಗಿಲನ್ನು ತೆರೆದಿತ್ತು. ಆದರೆ ಆ ಬಾಗಿಲನ್ನು ಹೆಣ್ಣೊಬ್ಬಳು ತಾನಾಗಿ ತಟ್ಟುವಂತೆ ಮಾಡುವ ಭಾಷೆ ಕನ್ನಡದಲ್ಲಿ ಇನ್ನೂ ಸಿದ್ಧವಾಗಿರಲಿಲ್ಲ. ಆಸ್ಪತ್ರೆಯ ಆದೇಶಕ್ಕೂ ಮನೆಯೊಳಗಿನ ಮಾತಿಗೂ ನಡುವಿದ್ದ ಈ ಕಂದರವೇ ಅನುಪಮಾ ಅವರ ಬರೆಹದ ಕ್ಷೇತ್ರವಾಯಿತು.

ವೈದ್ಯೆಯಾದ ಅವರು ಕಾದಂಬರಿಕಾರ ನಿರಂಜನರನ್ನು ಮದುವೆಯಾದರು. ನಿರಂಜನ ಎಂಬುದು ಕುಳಕುಂದ ಶಿವರಾಯರ ಕಾವ್ಯನಾಮ. ಕಯ್ಯೂರಿನ ರೈತ ಹೋರಾಟವನ್ನು ವಸ್ತುವಾಗಿಸಿಕೊಂಡ ‘ಚಿರಸ್ಮರಣೆ’ಯ ಲೇಖಕರಾಗಿ, ಪ್ರಗತಿಶೀಲ ಸಾಹಿತ್ಯ ಚಳವಳಿಯ ಮುಂಚೂಣಿಯವರಾಗಿ ಅವರು ಪ್ರಸಿದ್ಧರು. ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಹಾಗೂ 25 ಸಂಪುಟಗಳ ‘ವಿಶ್ವಕಥಾಕೋಶ’ ಅವರ ಸಂಪಾದಕತ್ವದಲ್ಲಿ ಹೊರಬಂದವು. ಶಾಸ್ತ್ರವನ್ನು ಜನಸಾಮಾನ್ಯರ ಕನ್ನಡಕ್ಕೆ ಇಳಿಸಬೇಕೆಂಬ ಹಂಬಲ ಆ ಮನೆಯಲ್ಲಿ ಇಬ್ಬರಿಗೂ ಸಮಾನವಾಗಿತ್ತು ಎಂಬುದನ್ನು ಅವರಿಬ್ಬರ ಕೃತಿಸೂಚಿಗಳನ್ನು ಅಕ್ಕಪಕ್ಕ ಇರಿಸಿದಾಗ ಕಾಣಬಹುದು. ಪತಿ ಲೋಕದ ಜ್ಞಾನವನ್ನು ಕಿರಿಯರಿಗೆ ಕೋಶವಾಗಿ ಕಟ್ಟಿಕೊಟ್ಟರೆ ಪತ್ನಿ ದೇಹದ ಜ್ಞಾನವನ್ನು ಹೆಣ್ಣುಮಕ್ಕಳಿಗೆ ಕೈಪಿಡಿಯಾಗಿ ಬರೆದರು. ಅವರ ಪುತ್ರಿಯರಲ್ಲಿ ಒಬ್ಬರಾದ ತೇಜಸ್ವಿನಿ ನಿರಂಜನ ಅವರು ಮುಂದೆ ಸಂಸ್ಕೃತಿ ಅಧ್ಯಯನ ಮತ್ತು ಅನುವಾದ ಕ್ಷೇತ್ರಗಳಲ್ಲಿ ಹೆಸರಾದರು. ‘ಫಣಿಯಮ್ಮ’ವನ್ನು ಇಂಗ್ಲಿಷಿಗೆ ಅನುವಾದಿಸಿದವರು ಅವರೇ.

ಧಾರವಾಡದಲ್ಲಿಯೂ ನಂತರ ಬೆಂಗಳೂರಿನಲ್ಲಿಯೂ ಅನುಪಮಾ ವೈದ್ಯವೃತ್ತಿ ನಡೆಸಿದರು. ಐವತ್ತು ಅರವತ್ತರ ದಶಕಗಳಲ್ಲಿ ಕನ್ನಡನಾಡಿನ ವೈದ್ಯೆಯೊಬ್ಬಳು ಎದುರಿಸಬೇಕಾಗಿದ್ದುದು ರೋಗಗಳನ್ನು ಮಾತ್ರವಲ್ಲ. ಹೆತ್ತ ತಾಯಿಯ ಮೊದಲ ಹಾಲು ಮಗುವಿಗೆ ಒಗ್ಗದೆಂದು ಹಿಂಡಿ ಚೆಲ್ಲುವ ರೂಢಿಯಿತ್ತು. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಹಣ್ಣು ಕೂಡದು ಎಂಬ ಪಥ್ಯಗಳಿದ್ದವು. ಮನೆಯ ಹೆರಿಗೆಗಳಲ್ಲಿ ಹೊಕ್ಕುಳಬಳ್ಳಿಯನ್ನು ಸಿಕ್ಕಿದ ಕುಡುಗೋಲಿನಿಂದ ಕತ್ತರಿಸಿ ಶಿಶುಗಳು ಧನುರ್ವಾಯುವಿಗೆ ತುತ್ತಾಗುವುದು ಅಪರೂಪವಾಗಿರಲಿಲ್ಲ. ಮುಟ್ಟಾದವಳನ್ನು ಹೊರಗೆ ಕೂರಿಸುವುದು, ಹೆಣ್ಣುಮಗು ಹುಟ್ಟಿದರೆ ಹೆತ್ತವಳನ್ನೇ ದೂಷಿಸುವುದು, ಮಕ್ಕಳಾಗದಿದ್ದರೆ ಗಂಡನನ್ನು ಪರೀಕ್ಷೆಗೆ ಒಳಪಡಿಸುವ ಮಾತೇ ಇಲ್ಲದೆ ಎರಡನೆಯ ಹೆಣ್ಣನ್ನು ತರುವುದು ಆ ಕಾಲದ ಸಾಮಾಜಿಕ ವಾಸ್ತವಗಳು. ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ವೀರ್ಯಾಣುವಿನಲ್ಲಿರುವ ಎಕ್ಸ್ ಅಥವಾ ವೈ ವರ್ಣತಂತು ಎಂಬ ಸಂಗತಿ ಪಠ್ಯಪುಸ್ತಕದಲ್ಲಿ ಬರಿಯ ಒಂದು ಜೀವಶಾಸ್ತ್ರೀಯ ತಥ್ಯ. ಅದೇ ತಥ್ಯ ನಾಲ್ಕನೆಯ ಹೆಣ್ಣನ್ನು ಹೆತ್ತವಳ ಕಿವಿಗೆ ಬಿದ್ದಾಗ ಬಿಡುಗಡೆಯ ಮಾತಾಗುತ್ತದೆ. ವೈದ್ಯಕೀಯ ತಿಳಿವಳಿಕೆ ಸ್ತ್ರೀಪರ ಚಿಂತನೆಯಾಗಿ ಮಾರ್ಪಡುವ ಬಿಂದು ಇದೇ.

ಚಿಕಿತ್ಸಾಲಯಕ್ಕೆ ಬಂದ ಹೆಣ್ಣಿಗೆ ಒಬ್ಬ ವೈದ್ಯೆ ಹೇಳುವ ಮಾತು ಅಲ್ಲಿಗೆ ಬಂದವಳನ್ನು ಮಾತ್ರ ತಲುಪುತ್ತದೆ. ಬಾರದಿದ್ದವಳನ್ನು ತಲುಪಲು ಪುಸ್ತಕವೇ ಬೇಕು. ಕಾದಂಬರಿ, ಸಣ್ಣಕಥೆಗಳ ಜೊತೆಯಲ್ಲಿಯೇ ಅನುಪಮಾ ಅವರು ಆರೋಗ್ಯ ಸಾಹಿತ್ಯವನ್ನು ಕೈಗೆತ್ತಿಕೊಂಡುದಕ್ಕೆ ಇದು ಸಾಕಷ್ಟು ಕಾರಣವಾಗಿ ತೋರುತ್ತದೆ. ಈ ಪುಸ್ತಕಗಳನ್ನು ಒಟ್ಟಾಗಿ ಇರಿಸಿದಾಗ ಹೆಣ್ಣಿನ ಬದುಕಿನ ಘಟ್ಟಗಳನ್ನು ಒಂದಾದ ಮೇಲೊಂದರಂತೆ ಅನುಸರಿಸುವ ಕ್ರಮ ಕಾಣುತ್ತದೆ. ಹನ್ನೆರಡು ಸಂಪುಟಗಳಲ್ಲಿ ವರ್ಷದ ಪ್ರತಿದಿನಕ್ಕೂ ಕಥೆಯೊಂದನ್ನು ಕೊಟ್ಟ ‘ದಿನಕ್ಕೊಂದು ಕಥೆ’ ಮಗುವಿಗೆ. ‘ಕೇಳು ಕಿಶೋರಿ’ ಹದಿಹರೆಯಕ್ಕೆ. ‘ವಧುವಿಗೆ ಕಿವಿಮಾತು’ ಮದುವೆಯ ಹೊಸ್ತಿಲಿಗೆ. ‘ದಾಂಪತ್ಯ ದೀಪಿಕೆ’ ಸಹಜೀವನಕ್ಕೆ. ‘ತಾಯಿ-ಮಗು’ ಬಸಿರು ಬಾಣಂತನಗಳಿಗೆ. ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಒಟ್ಟು ಬಾಳಿಗೆ. ಒಬ್ಬಳೇ ಓದುಗಳು ಬೆಳೆಯುತ್ತಾ ಹೋದಂತೆ ಅವಳ ಕೈಗೆ ಮುಂದಿನ ಪುಸ್ತಕವನ್ನು ಇಡುವ ಯೋಜನೆಯೇ ಇದೆಂಬಂತೆ ಭಾಸವಾಗುತ್ತದೆ.

ಈ ಶೀರ್ಷಿಕೆಗಳು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೊಂದು ಕಾರಣಕ್ಕೂ ಮುಖ್ಯವಾಗುತ್ತವೆ. ವಧುವಿಗೆ ಬುದ್ಧಿ ಹೇಳುವುದು ಕನ್ನಡದಲ್ಲಿ ಹಳೆಯ ಪರಂಪರೆ. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ದಿಂದ ಗಂಡನ ಮನೆಗೆ ಹೊರಟ ಮಗಳಿಗೆ ಹೇಳುವ ಜನಪದ ಹಾಡುಗಳವರೆಗೆ ಅದು ಹರಡಿದೆ. ಹೊನ್ನಮ್ಮ ಹೆಣ್ಣನ್ನು ಕೀಳಾಗಿ ಕಾಣುವುದನ್ನು ಪ್ರಶ್ನಿಸಿದವಳಾದರೂ ಅವಳ ಕಾವ್ಯದ ಕೇಂದ್ರದಲ್ಲಿರುವುದು ಪತಿವ್ರತೆಯ ಕರ್ತವ್ಯ. ಅನುಪಮಾ ಅವರು ಅದೇ ಆಪ್ತ ಸಂಬೋಧನೆಯ ರೂಪವನ್ನು ಉಳಿಸಿಕೊಂಡು ಅದರ ಒಳಗನ್ನು ಬದಲಿಸಿದರು. ವಧು ತಿಳಿಯಬೇಕಾದುದು ಕರ್ತವ್ಯಗಳ ಪಟ್ಟಿಯನ್ನಲ್ಲ, ತನ್ನದೇ ದೇಹವನ್ನು ಎಂಬುದು ಈ ಪಲ್ಲಟದ ಸಾರ. ಇದಕ್ಕೆ ಎದುರಾಗಿ ಕನ್ನಡದ ಕಾಮಶಾಸ್ತ್ರ ಪರಂಪರೆಯನ್ನೂ ನೆನೆಯಬಹುದು. ಹನ್ನೊಂದನೆಯ ಶತಮಾನದ ಚಂದ್ರರಾಜನ ‘ಮದನತಿಲಕ’, ಹದಿನೈದನೆಯ ಶತಮಾನದ ಕಲ್ಲರಸನ ‘ಜನವಶ್ಯ’ ಕೃತಿಗಳಲ್ಲಿ ಲೈಂಗಿಕತೆಯ ಕುರಿತ ಮಾತಿಗೆ ಸಂಕೋಚವಿಲ್ಲ. ಆದರೆ ಅಲ್ಲಿ ಹೆಣ್ಣು ವರ್ಗೀಕರಣಕ್ಕೆ ಒಳಗಾಗುವ ವಸ್ತು. ಓದುಗ ಪುರುಷ ರಸಿಕ. ಹೆಣ್ಣಿನ ದೇಹದ ಬಗ್ಗೆ ಹೆಣ್ಣಿನೊಡನೆ ಹೆಣ್ಣೇ ಮಾತನಾಡುವ ಶಾಸ್ತ್ರಸಾಹಿತ್ಯಕ್ಕೆ ಕನ್ನಡವು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ‘ಸಂಹಿತೆ’ ಎಂಬ ಪದವನ್ನು ವೈದ್ಯೆಯೊಬ್ಬಳು ಸ್ತ್ರೀಸ್ವಾಸ್ಥ್ಯಕ್ಕೆ ಜೋಡಿಸಿದಾಗ ಚರಕ, ಸುಶ್ರುತರ ಹೆಸರಿನೊಂದಿಗೆ ಬೆಸೆದುಕೊಂಡ ಅಧಿಕಾರವಾಣಿಯೊಂದು ಕೈಬದಲಾಯಿಸಿತು.

ಭಾಷೆಯ ಸಮಸ್ಯೆ ಇಲ್ಲಿ ಚಿಕ್ಕದಾಗಿರಲಿಲ್ಲ. ಈ ವಿಷಯಕ್ಕೆ ಕನ್ನಡದಲ್ಲಿ ಎರಡು ಬಗೆಯ ಶಬ್ದಕೋಶಗಳಿದ್ದವು. ಋತುಸ್ರಾವ, ಗರ್ಭಾಶಯ, ಅಂಡಾಣು, ಸಂಭೋಗ ಮುಂತಾದ ಸಂಸ್ಕೃತ ಮೂಲದ ಪಾರಿಭಾಷಿಕಗಳು ಒಂದೆಡೆ. ಇವು ಸಭ್ಯವೆನಿಸಿದರೂ ಓದುಬಾರದವಳಿಗೆ ದೂರ. ಇನ್ನೊಂದೆಡೆ ಆಡುಮಾತು. ಅದರಲ್ಲಿ ಕೆಲವು ಪದಗಳು ಬೈಗುಳಗಳಾಗಿ ಮಾತ್ರ ಉಳಿದಿದ್ದವು. ಉಳಿದವು ಹೊರಗಾಗುವುದು, ದೊಡ್ಡವಳಾಗುವುದು, ನೀರು ನಿಲ್ಲುವುದು ಎಂಬಂತಹ ಮರೆಮಾತುಗಳು. ಮರೆಮಾತಿನಲ್ಲಿ ಅನುಭವ ಹಂಚಿಕೆಯಾಗುತ್ತದೆ. ಆದರೆ ಎಲ್ಲಿ ನೋವು, ಯಾವುದು ಸಹಜ, ಯಾವುದು ರೋಗ ಎಂಬುದನ್ನು ನಿಖರವಾಗಿ ಹೇಳಲು ಅದು ಸಾಲದು. ಬಿಳಿಸೆರಗಿನ ತೊಂದರೆಯನ್ನು ವರ್ಷಗಟ್ಟಲೆ ಮುಚ್ಚಿಟ್ಟ ಹೆಣ್ಣಿಗೆ ಮೊದಲು ಬೇಕಾದುದು ಔಷಧವಲ್ಲ, ಅದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದಾದ ಒಂದು ಪದ. ವೃತ್ತಿಯಿಂದ ವೈದ್ಯೆಯೂ ಪ್ರವೃತ್ತಿಯಿಂದ ಕಥೆಗಾರ್ತಿಯೂ ಆದವರಿಗೆ ಪರಿಭಾಷೆಯ ಖಚಿತತೆ ಮತ್ತು ಸಂಭಾಷಣೆಯ ಸಲಿಗೆ ಎರಡೂ ಕೈವಶವಾಗಿದ್ದವು. ಕನ್ನಡದ ಶಾಸ್ತ್ರಗದ್ಯದ ಬೆಳವಣಿಗೆಯನ್ನು ಕುರಿತ ಅಧ್ಯಯನಗಳಲ್ಲಿ ಈ ಗದ್ಯಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ.

ಕಾಲದ ಒತ್ತಡವನ್ನೂ ಗಮನಿಸಬೇಕು. ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. 1965ರಲ್ಲಿ ವಂಕಿ, ಅಂದರೆ ಲೂಪ್, ಬಳಕೆಗೆ ಬಂತು. 1968ರಲ್ಲಿ ಮೂರಕ್ಕೆ 15 ಪೈಸೆಯ ಬೆಲೆಯಲ್ಲಿ ನಿರೋಧ್ ಅಂಗಡಿಗಳನ್ನು ತಲುಪಿತು. 1971ರ ಶಾಸನ ನಿರ್ದಿಷ್ಟ ಸಂದರ್ಭಗಳಲ್ಲಿ ವೈದ್ಯಕೀಯ ಗರ್ಭಪಾತವನ್ನು ಕಾನೂನುಬದ್ಧಗೊಳಿಸಿತು. ಕೆಂಪು ತ್ರಿಕೋನದ ಚಿಹ್ನೆ ಊರೂರಿನ ಗೋಡೆಗಳ ಮೇಲೆ ಬಂದಿತು. ಆದರೆ ಗೋಡೆಬರೆಹದ ಭಾಷೆ ಜನಸಂಖ್ಯೆಯ ಲೆಕ್ಕಾಚಾರದ್ದು. ಅದಕ್ಕೆ ಹೆಣ್ಣಿನ ದೇಹ ಒಂದು ಗುರಿಸಂಖ್ಯೆ. 1975–77ರ ತುರ್ತುಪರಿಸ್ಥಿತಿಯ ಬಲವಂತದ ಶಸ್ತ್ರಚಿಕಿತ್ಸೆಗಳು ಈ ಭಾಷೆಯ ಅಂತಿಮ ಪರಿಣಾಮವನ್ನು ತೋರಿಸಿಕೊಟ್ಟವು. ಇದೇ ದಶಕಗಳಲ್ಲಿ ವೈದ್ಯೆಯೊಬ್ಬರು ಪುಸ್ತಕದ ಮೂಲಕ ಓದುಗಳನ್ನು ಒಬ್ಬೊಬ್ಬಳನ್ನಾಗಿ ಉದ್ದೇಶಿಸಿ ಮಾತನಾಡಿದುದಕ್ಕೆ ಬೇರೆಯದೇ ಮೌಲ್ಯವಿದೆ. ಗರ್ಭ ಯಾವಾಗ ಬೇಕು, ಯಾವಾಗ ಬೇಡ ಎಂಬುದು ಪ್ರಭುತ್ವದ ಪ್ರಶ್ನೆಯಾಗುವ ಮೊದಲು ಹೆಣ್ಣಿನ ಪ್ರಶ್ನೆ.

ಅನುಪಮಾ ಅವರ ಓದುಗರ ಲೋಕ ಹೇಗೆ ರೂಪುಗೊಂಡಿತೆಂಬುದಕ್ಕೆ ಬೆಂಗಳೂರಿನ ಬೆಳವಣಿಗೆಯೇ ಸಾಕ್ಷಿ. ನಗರದ ಜನಸಂಖ್ಯೆ 1971ರಲ್ಲಿ ಸುಮಾರು 16 ಲಕ್ಷವಿದ್ದುದು 1981ರ ವೇಳೆಗೆ ಸುಮಾರು 29 ಲಕ್ಷವಾಯಿತು. ಪಶ್ಚಿಮ ದಿಕ್ಕಿನಲ್ಲಿ ಸ್ವಾತಂತ್ರ್ಯಾನಂತರ ಕೈಗಾರಿಕಾ ಉಪನಗರವಾಗಿ ತಲೆಯೆತ್ತಿದ್ದ ರಾಜಾಜಿನಗರ, ಅದರಾಚೆಗೆ ಹಬ್ಬಿದ ವಿಜಯನಗರ, ಬಸವೇಶ್ವರನಗರಗಳು ಕಾರ್ಖಾನೆ, ಕಚೇರಿ, ಶಾಲೆಗಳ ನೌಕರರ ಚಿಕ್ಕ ಬಾಡಿಗೆಮನೆಗಳಿಂದ ತುಂಬಿದವು. ಕೆಂಗೇರಿ ಅಂದಿಗೆ ಇನ್ನೂ ಊರಾಚೆಯ ಊರು. ಇಂತಹ ಬಡಾವಣೆಗಳಲ್ಲಿ ಹಳ್ಳಿಯ ಅಜ್ಜಿಯಾಗಲಿ ಸೂಲಗಿತ್ತಿಯಾಗಲಿ ಪಕ್ಕದಲ್ಲಿರಲಿಲ್ಲ. ಅವರೊಡನೆ ಮೂಢನಂಬಿಕೆಗಳಷ್ಟೇ ಅಲ್ಲ, ನುರಿತ ಕೈ ಮತ್ತು ಧೈರ್ಯದ ಮಾತುಗಳೂ ದೂರವಾದವು. ಗಂಡಹೆಂಡಿರಿಬ್ಬರೇ ಇರುವ ಮನೆಯಲ್ಲಿ ಮೊದಲ ಬಸಿರಿನ ವಾಂತಿ, ಕಾಲಿನ ಊತ, ಮಗುವಿನ ರಾತ್ರಿಯ ಅಳು ಇವಕ್ಕೆ ಉತ್ತರ ಹೇಳುವವರು ಬೇಕಿತ್ತು. ‘ತಾಯಿ-ಮಗು’ವಿನಂತಹ ಪುಸ್ತಕ ಈ ತೆರವಿನ ಜಾಗಕ್ಕೆ ಬಂತು. ಅನುಪಮಾ ಅವರ ಆರೋಗ್ಯ ಕೃತಿಗಳ ಮರುಮುದ್ರಣಗಳನ್ನು ಕೌಟುಂಬಿಕ ರಚನೆಯ ಈ ಬದಲಾವಣೆಯಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳಲಾಗದು.

ಅವರ ಸೃಜನಶೀಲ ಬರೆಹವೂ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಎದುರಿಸಿತು. ‘ಮಾಧವಿ’ ಕಾದಂಬರಿಗೆ ಅವರು ಆಯ್ದುಕೊಂಡುದು ಮಹಾಭಾರತದ ಯಯಾತಿಯ ಮಗಳ ಕಥೆಯನ್ನು. ಗುರುದಕ್ಷಿಣೆಯಾಗಿ ಒಂದು ಕಿವಿ ಕಪ್ಪಾದ ಎಂಟುನೂರು ಬಿಳಿಯ ಕುದುರೆಗಳನ್ನು ತರಬೇಕಾದ ಗಾಲವನಿಗೆ ಯಯಾತಿ ಮಗಳನ್ನೇ ದಾನ ಮಾಡುತ್ತಾನೆ. ಗಾಲವ ಅವಳನ್ನು ಮೂವರು ಅರಸರಿಗೆ ಸರದಿಯಂತೆ ಒಪ್ಪಿಸಿ ಒಬ್ಬೊಬ್ಬರಿಂದ ಇನ್ನೂರು ಕುದುರೆಗಳನ್ನು ಪಡೆಯುತ್ತಾನೆ. ಉಳಿದ ಇನ್ನೂರರ ಬದಲಿಗೆ ಅವಳು ಗುರು ವಿಶ್ವಾಮಿತ್ರನ ಪಾಲಾಗುತ್ತಾಳೆ. ನಾಲ್ವರಿಗೂ ಒಬ್ಬೊಬ್ಬ ಮಗನನ್ನು ಹೆರುತ್ತಾಳೆ. ಗರ್ಭವೇ ನಾಣ್ಯವಾಗಿ ಚಲಾವಣೆಯಾಗುವ ಈ ಕಥೆಯಲ್ಲಿ ಎಲ್ಲರ ಪುರುಷಾರ್ಥವೂ ಸಾಧಿತವಾಗುತ್ತದೆ. ಹೆತ್ತವಳ ಇಚ್ಛೆಯನ್ನು ಯಾರೂ ಕೇಳುವುದಿಲ್ಲ. ಬಸಿರು ಬಾಣಂತನಗಳ ಕೈಪಿಡಿ ಬರೆದ ಲೇಖನಿಯೇ ಮಾಧವಿಯ ಕಥೆಯನ್ನೂ ಬರೆಯಿತೆಂಬುದು ಆಕಸ್ಮಿಕವಲ್ಲ. ಕೈಪಿಡಿ ಹೆರುವ ಕ್ರಮವನ್ನು ತಿಳಿಸಿದರೆ ಕಾದಂಬರಿ ಯಾರಿಗಾಗಿ ಹೆರುವುದೆಂದು ಕೇಳಿತು. ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1984ರಲ್ಲಿ ಚಲನಚಿತ್ರವಾಗಿಸಿದುದರಿಂದ ಅವರ ಹೆಸರು ಓದದ ಜನರಿಗೂ ತಲುಪಿತು.

ಸಮಕಾಲೀನ ಕಾದಂಬರಿಲೋಕದಲ್ಲಿ ತ್ರಿವೇಣಿಯವರ ನೆನಪು ಇಲ್ಲಿ ಅನಿವಾರ್ಯ. ಹೆರಿಗೆಯ ನಂತರದ ಮಾನಸಿಕ ಅಸ್ವಾಸ್ಥ್ಯವನ್ನು ‘ಶರಪಂಜರ’ದಲ್ಲಿ ಚಿತ್ರಿಸಿದ ಅವರು 1963ರಲ್ಲಿ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ನಲವತ್ತನ್ನೂ ಮುಟ್ಟುವ ಮೊದಲೇ, ತೀರಿಕೊಂಡರು. ವಿದ್ಯೆ, ನಗರವಾಸ, ಪ್ರಸಿದ್ಧಿ ಯಾವುದೂ ಆ ಕಾಲದ ಹೆಣ್ಣಿಗೆ ಹೆರಿಗೆಯ ಅಪಾಯದಿಂದ ರಕ್ಷಣೆಯಾಗಿರಲಿಲ್ಲ. ಕನ್ನಡ ಲೇಖಕಿಯರ ಚರಿತ್ರೆಯನ್ನು ಬರೆಯುವಾಗ ಪ್ರಸೂತಿಯ ಆರೋಗ್ಯವು ಹೊರಗಿನ ವಿಷಯವಲ್ಲ, ಆ ಚರಿತ್ರೆಯ ಒಳಗಿನ ಸಂಗತಿ.

ಅನುಪಮಾ ಅವರ ಕೊನೆಯ ವರ್ಷಗಳು ಕಾಯಿಲೆಯೊಂದಿಗಿನ ಹೋರಾಟದಲ್ಲಿ ಕಳೆದವು. ಪಾರ್ಶ್ವವಾಯುವಿಗೆ ಒಳಗಾಗಿದ್ದ ಪತಿ ಮನೆಯಲ್ಲಿದ್ದಂತೆಯೇ ಅವರು ಸ್ವತಃ ಕ್ಯಾನ್ಸರಿಗೆ ತುತ್ತಾದರು. ಆ ರೋಗದ ಹೆಸರನ್ನೂ ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ ಅದರ ಬಗ್ಗೆ ‘ಕ್ಯಾನ್ಸರ್ ಜಗತ್ತು’ ಎಂಬ ಪುಸ್ತಕವನ್ನು ಬರೆದರು. ಆತ್ಮಕಥನ ‘ನೆನಪು: ಸಿಹಿ-ಕಹಿ’ಯನ್ನೂ ಓದುಗರಿಗೆ ಬಿಟ್ಟುಹೋದರು. 1991ರ ಫೆಬ್ರವರಿಯಲ್ಲಿ, ತಮ್ಮ 56ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅವರ ನೆನಪಿನಲ್ಲಿ ಕರ್ನಾಟಕ ಲೇಖಕಿಯರ ಸಂಘವು ಲೇಖಕಿಯರಿಗೆ ಪ್ರಶಸ್ತಿ ನೀಡುತ್ತ ಬಂದಿದೆ.

ಈ ಬರೆಹದ ಮಿತಿಗಳನ್ನು ಮರೆಮಾಚುವ ಅಗತ್ಯವಿಲ್ಲ. ವಧು, ದಾಂಪತ್ಯ, ತಾಯಿ ಎಂಬ ಶೀರ್ಷಿಕೆಗಳೇ ಸೂಚಿಸುವಂತೆ ಅದರ ಚೌಕಟ್ಟು ವಿವಾಹ. ಮದುವೆಯಾಗದ ಹೆಣ್ಣು, ಮದುವೆಯ ಹೊರಗೆ ಬಸಿರಾದ ಹುಡುಗಿ, ಹೆಣ್ಣಷ್ಟೇ ಗೊಂದಲದಲ್ಲಿರುವ ಹದಿಹರೆಯದ ಗಂಡುಮಗ ಈ ಶೀರ್ಷಿಕೆಗಳ ಸಂಬೋಧನೆಯಲ್ಲಿ ಇಲ್ಲ. ಎರಡನೆಯದು ಅಕ್ಷರದ ಮಿತಿ. ಅವರು ತೀರಿಕೊಂಡ 1991ರ ಜನಗಣತಿಯಲ್ಲಿ ಕರ್ನಾಟಕದ ಮಹಿಳಾ ಸಾಕ್ಷರತೆ ಶೇ. 44ರಷ್ಟಿತ್ತು. ಅಂದರೆ ಕಿವಿಮಾತು ಅತ್ಯಂತ ಅಗತ್ಯವಾಗಿದ್ದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದು ಮುದ್ರಿತ ರೂಪದಲ್ಲಿ ನಿಲುಕುತ್ತಿರಲಿಲ್ಲ. ಮೂರನೆಯದು ವಿಜ್ಞಾನದ ಸಹಜ ಮಿತಿ. ಎಚ್‌ಐವಿ ಭಾರತದಲ್ಲಿ ಪತ್ತೆಯಾದುದು 1986ರಲ್ಲಿ. ಗರ್ಭಪಾತದ ಶಾಸನ 2021ರಲ್ಲಿ ತಿದ್ದುಪಡಿಗೊಂಡು ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಅವಕಾಶ ಕಲ್ಪಿಸಿದೆ. ಆದ್ದರಿಂದ ಇಂದಿನ ಓದುಗಳಿಗೆ ಆ ಪುಸ್ತಕಗಳು ಚಿಕಿತ್ಸೆಯ ಆಧಾರವಾಗಲಾರವು. ಅವುಗಳ ಮಹತ್ವ ಸಾಂಸ್ಕೃತಿಕವಾದುದು.

ಆದರೂ ಅವರು ಎತ್ತಿಕೊಂಡ ಪ್ರಶ್ನೆ ಇತ್ಯರ್ಥವಾಗಿಲ್ಲ. 2007ರಲ್ಲಿ ಶಾಲೆಗಳಲ್ಲಿನ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಹಲವು ರಾಜ್ಯಗಳು ಸಂಸ್ಕೃತಿಯ ಹೆಸರಿನಲ್ಲಿ ತಡೆಹಿಡಿದಾಗ ಕರ್ನಾಟಕವೂ ಅವುಗಳಲ್ಲಿ ಸೇರಿತ್ತು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗೆ ಪ್ರತ್ಯೇಕ ಚಿಕಿತ್ಸಾಲಯಗಳು ಬಂದವು. ಇವನ್ನು ರಾಜ್ಯದಲ್ಲಿ ‘ಸ್ನೇಹ ಕ್ಲಿನಿಕ್’ ಎಂದು ಕರೆಯಲಾಗಿದೆ. ಸ್ನೇಹ ಎಂಬ ಆ ಪದವೂ ಒಂದು ಸಂಬೋಧನೆಯೇ. ಮೈಸೂರಿನ ಆಸ್ಪತ್ರೆಗಳು 1930ರಲ್ಲಿ ಎದುರಿಸಿದ ತೊಡಕು ಇಂದೂ ಅಲ್ಲಿಯೇ ಇದೆ: ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಬಂದು ಕೇಳಲು ಹುಡುಗಿಗೆ ಮಾತು ಬೇಕು. ಆ ಮಾತನ್ನು ಕನ್ನಡದಲ್ಲಿ ಕಟ್ಟಿಕೊಟ್ಟವರಲ್ಲಿ ತೀರ್ಥಹಳ್ಳಿಯ ವೆಂಕಟಲಕ್ಷ್ಮಿ ಪ್ರಮುಖರು. ಕಾದಂಬರಿಕಾರ್ತಿ ಅನುಪಮಾ ನಿರಂಜನ ಅವರನ್ನು ಓದುವ ಅಧ್ಯಯನಗಳು ವೈದ್ಯೆ ಅನುಪಮಾ ಅವರನ್ನು ‘ಇತರೆ’ಯಿಂದ ಹೊರತಂದು ಜೊತೆಯಲ್ಲಿಟ್ಟು ಓದಿದಾಗ ಮಾತ್ರ ಅವರ ಬದುಕಿನ ಬರೆಹ ಪೂರ್ಣವಾಗುತ್ತದೆ.